ನಾಲ್ಕನೆಯ ಕೀಲು

"ಬುದ್ಧಿ, ಒಬ್ಬರ ಮೇಲೆ ಅನುಮಾನ ಬಂದರೆ ಏನು ಮಾಡಬೇಕು?" ಎಂದು ಶಿಷ್ಯ ಕೇಳಿದ.

ಗುರುಗಳು ಮಠದ ಜಗಲಿಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಬಟ್ಟೆ ಮುಚ್ಚಿದ ಒಂದು ಬುಟ್ಟಿ ಇತ್ತು. ದಿನವೂ ನಸುಕಿನಲ್ಲಿ ಅವರು ಆ ಬುಟ್ಟಿಯನ್ನು ಹಿತ್ತಲಿಗೆ ಒಯ್ಯುತ್ತಿದ್ದರು, ಬಿಸಿಲೇರುವ ಮುಂಚೆ ಮರಳಿ ತರುತ್ತಿದ್ದರು. ಒಳಗೆ ಏನಿದೆ ಎಂದು ಯಾರಿಗೂ ಹೇಳಿರಲಿಲ್ಲ. ಶಿಷ್ಯ ಎಂಟು ದಿನದಿಂದ ಹಿತ್ತಲ ಬೇವಿನ ಮರದ ಹಿಂದೆ ನಿಂತು ಅದನ್ನೇ ನೋಡುತ್ತಿದ್ದ. ತಾನು ನೋಡುವುದನ್ನು ಯಾರೂ ನೋಡಿಲ್ಲವೆಂದು ಅವನ ನಂಬಿಕೆ.

"ಯಾರ ಮೇಲೆ?" ಎಂದರು ಗುರುಗಳು.

"ಯಾರ ಮೇಲೂ ಇಲ್ಲ, ಬುದ್ಧಿ. ಸುಮ್ಮನೆ ಕೇಳಿದೆ."

"ಹಾಗಾದರೆ ನಾನೂ ಸುಮ್ಮನೆ ಹೇಳುತ್ತೇನೆ," ಎಂದು ಗುರುಗಳು ಈ ಕತೆ ಹೇಳಿದರು.

ಒಬ್ಬ ಎಲೆ ವ್ಯಾಪಾರಿ ಇದ್ದ. ತೋಟದಲ್ಲಿ ವೀಳ್ಯದೆಲೆ ಕೊಯ್ಯಿಸಿ, ಪಿಂಡಿ ಕಟ್ಟಿಸಿ, ಎತ್ತಿನ ಗಾಡಿಯಲ್ಲಿ ಸಂತೆಯ ಊರಿಗೆ ಒಯ್ಯುವುದು ಅವನ ಕಸುಬು. ದಾರಿ ನಾಲ್ಕು ಹರದಾರಿ. ಐದೂ ಇರಬಹುದು, ನಾನೇನು ಅಳೆದಿಲ್ಲ. ನಡುವೆ ಒಂದು ಹೊಳೆ.

ವೀಳ್ಯದೆಲೆಯೆಂದರೆ ಹಸುಗೂಸಿದ್ದ ಹಾಗೆ. ಬಿಸಿಲು ತಾಗಿದರೆ ಬಾಡುತ್ತದೆ, ಗಾಳಿಯಿಲ್ಲದಿದ್ದರೆ ಬೇಯುತ್ತದೆ. ಬೆಳಿಗ್ಗೆ ಬಿಸಿಲು ಎದುರಿನಿಂದ ಹೊಡೆಯುತ್ತದೆ, ಹೊತ್ತು ತಿರುಗಿದರೆ ಬೆನ್ನಿನಿಂದ. ಗಾಡಿಯ ಮೇಲೆ ನೆರಳಿಗೆಂದು ಬಿಗಿದು ಕಟ್ಟಿದ ಚಾಪೆಯ ಕಮಾನು ಒಂದು ಹೊತ್ತಿಗೆ ಸರಿ, ಇನ್ನೊಂದು ಹೊತ್ತಿಗೆ ತಪ್ಪು. ಮರಳಿ ಬರುವಾಗ ಗಾಡಿಗೆ ಹುಲ್ಲಿನ ಹೇರು. ಆಗ ಕಮಾನೇ ಬೇಡ. ಆದ್ದರಿಂದ ವ್ಯಾಪಾರಿ ಬಡಗಿಯೊಬ್ಬನ ಬಳಿಗೆ ಹೋದ. ಹಿಂದೆ ಮುಂದೆ ಸರಿಯಬೇಕು, ಏರಬೇಕು, ಇಳಿಯಬೇಕು, ಬೇಡವೆಂದಾಗ ಕಳಚಿ ಗೋಡೆಗೆ ಒರಗಿಸಬೇಕು, ಅಂಥ ಕಮಾನು ಮಾಡಿಕೊಡು ಎಂದ.

ಬಡಗಿ ಹತ್ತು ದಿನ ಬರೀ ಗಾಡಿಯನ್ನು ನೋಡಿದ. ಹನ್ನೊಂದನೆಯ ದಿನ ಬಿದಿರು ಸೀಳಿದ. ದಬ್ಬೆಗಳನ್ನು ಬಗ್ಗಿಸಿ ಮೇಲೆ ಚಾಪೆ ಹೊಲಿದ. ಗಾಡಿಯ ಎರಡು ಪಕ್ಕದ ಮರಗಳಲ್ಲೂ ಉದ್ದಕ್ಕೆ ಕಾಲುವೆಯಂತೆ ಕೊರೆದು, ಕಮಾನಿನ ಕಾಲುಗಳನ್ನು ಅದರಲ್ಲಿ ಕೂರಿಸಿದ. ಕಾಲುಗಳಲ್ಲಿ ಒಂದರ ಮೇಲೊಂದು ತೂತು. ನಾಲ್ಕು ಮೂಲೆಗೆ ನಾಲ್ಕು ಕೀಲು. ಕೀಲು ಕಿತ್ತರೆ ಕಮಾನು ಹೇಳಿದಂತೆ ಕೇಳುತ್ತಿತ್ತು.

ಗಾಡಿ ಒಪ್ಪಿಸುವ ದಿನ ಬಡಗಿ ಮೂರು ಕೀಲುಗಳನ್ನು ಕೊಡತಿಯಿಂದ ಬಡಿದ. ನಾಲ್ಕನೆಯದನ್ನು, ಹಿಂದಿನ ಬಲಮೂಲೆಯದನ್ನು, ಬೆರಳಿನಿಂದ ಒತ್ತಿ ಬಿಟ್ಟ. ಇದು ಸಡಿಲವೇ ಇರಲಿ ಯಜಮಾನರೇ, ಎಂದ.

ವ್ಯಾಪಾರಿ ಏಕೆ ಎಂದು ಕೇಳಲಿಲ್ಲ. ಕೇಳಿದರೆ ನಿಜ ಹೇಳುವವರು ಯಾರಿದ್ದಾರೆ ಎಂಬುದು ಅವನ ಎಣಿಕೆ. ತಲೆಯಾಡಿಸಿದ. ತಲೆಯೊಳಗೆ ಬೇರೆಯೇ ಓಡತೊಡಗಿತು.

ಬಡಗಿ ಮತ್ತು ಗಾಡಿ ಹೊಡೆಯುವವನು ಒಂದೇ ಊರಿನವರು. ಆ ದಿನ ಇಬ್ಬರೂ ಹುಣಸೆಮರದ ಕೆಳಗೆ ಕೂತು ಎಲೆ ಅಡಿಕೆ ಹಾಕಿಕೊಂಡು ನಗುತ್ತಿದ್ದರು. ಏಕೆ ನಗು? ಯಾರ ಎಲೆ? ಹಿಂದಿನ ಮೂಲೆಯ ಕೀಲು ಸಡಿಲವಿದ್ದರೆ ಚಾಪೆಯ ಅಂಚು ಮೇಲೇಳುತ್ತದೆ, ಒಂದು ಕೈ ಒಳಗೆ ಹೋಗುತ್ತದೆ. ವ್ಯಾಪಾರಿ ತನ್ನ ಕೈಯನ್ನೇ ತೂರಿಸಿ ನೋಡಿದ. ಹೋಯಿತು.

ಇಷ್ಟು ಯೋಚನೆ ಏಕೆ, ಬಡಗಿಯನ್ನೇ ಕೇಳಿಬಿಡಿ ಎಂದಳು ಹೆಂಡತಿ. ಕಳ್ಳನನ್ನು ಕೇಳಿ ಕಾವಲು ಹಾಕುತ್ತಾರೇನೇ ಎಂದು ಅವಳ ಬಾಯಿ ಮುಚ್ಚಿಸಿದ.

ಅಂದಿನಿಂದ ವ್ಯಾಪಾರಿ ಗಾಡಿಯಲ್ಲಿ ಹಿಂದೆ ನೋಡಿಕೊಂಡು ಕೂರತೊಡಗಿದ. ಕೀಲು ದಾರಿಯುದ್ದಕ್ಕೂ ಟಕಟಕ ಎನ್ನುತ್ತಿತ್ತು. ಸದ್ದು ಬಂದರೆ ಯಾರೋ ಅಲುಗಿಸುತ್ತಿದ್ದಾರೆಂದು ಇಣುಕುವನು. ಸದ್ದು ನಿಂತರೆ ಯಾರೋ ಹಿಡಿದುಕೊಂಡಿದ್ದಾರೆಂದು ಇಣುಕುವನು. ಒಂದು ದಿನ ಕಮಾನಿಗೆ ದಾರ ಕಟ್ಟಿ, ಅದರ ಇನ್ನೊಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಬಿಗಿದುಕೊಂಡು ಕೂತಿದ್ದನಂತೆ. ಹೆಬ್ಬೆರಳು ಊದಿಕೊಂಡಿತು. ಕಳ್ಳ ಸಿಗಲಿಲ್ಲ.

ಕೊನೆಗೆ ಒಂದು ಉಪಾಯ ಮಾಡಿದ. ಹೇರುವ ಮುಂಚೆ ಪ್ರತಿ ಪಿಂಡಿಯ ಮೇಲಿನ ಎಲೆಗಳ ಬೆನ್ನಿಗೆ ಸುಣ್ಣದ ಒಂದೊಂದು ಚುಕ್ಕೆ ಇಟ್ಟ. ಸಂತೆ ಸೇರಿದಾಗ ಚುಕ್ಕೆಯಿದ್ದ ಎರಡು ಎಲೆ ಇರಲಿಲ್ಲ. ಗಾಡಿಯವನ ಬಾಯಿ ನೋಡಿದ. ಕೆಂಪಗಿತ್ತು. ಆ ಬಾಯಿ ಹಲ್ಲು ಬಂದಾಗಿನಿಂದ ಕೆಂಪಗೇ ಇತ್ತು. ಅದರಿಂದ ಏನು ತಿಳಿದೀತು?

ಗಾಡಿಯನ್ನು ಬೇರೆ ಊರಿನ ಬಡಗಿಯೊಬ್ಬನಿಗೆ ತೋರಿಸಿದ. ಏನನ್ನೂ ಕೇಳದೆ, ಸುಮ್ಮನೆ ನೋಡು ಎಂದ. ಅವನು ನಾಲ್ಕನೆಯ ಕೀಲನ್ನು ಅಲುಗಿಸಿ ನೋಡಿ ನಕ್ಕ. ಮಾಡಿದವನು ಬಲ್ಲವನು, ಹೀಗೇ ಇರಲಿ ಎಂದ. ಓಹೋ, ಇವನೂ ಅವರ ಕಡೆಯವನೇ ಎಂದುಕೊಂಡು ವ್ಯಾಪಾರಿ ಮನೆಗೆ ಬಂದ.

ಅಷ್ಟರಲ್ಲಿ ಅವನ ಮಗಳಿಗೆ ಹೊಳೆಯಾಚೆಯ ಊರಿನಲ್ಲಿ ಸಂಬಂಧ ಕೂಡಿಬಂತು. ವೀಳ್ಯಶಾಸ್ತ್ರ ಗಂಡಿನ ಮನೆಯಲ್ಲಿ. ಗಂಡು ಹೇಗಿದ್ದನೋ, ಈ ಕತೆಯಲ್ಲಿ ಅವನಿಗೆ ಕೆಲಸವಿಲ್ಲ. ಗಂಡಿನ ಕಡೆಯವರು ಎಲೆಯವನೇ ನಮಗೆ ಬೀಗ ಎಂದು ಊರಿಗೆಲ್ಲ ಹೇಳಿ, ತಾವು ಒಂದು ಎಲೆಯನ್ನೂ ತರಿಸದೆ ಕೂತಿದ್ದರು. ಎಲೆ ಕೈ ಬದಲಾಗದೆ ಮದುವೆಯ ಮಾತು ಗಟ್ಟಿಯಾಗುವುದಿಲ್ಲ. ಎಲೆ ತಪ್ಪಿದರೆ ಮಗಳ ಸಂಬಂಧ ತಪ್ಪುತ್ತದೆ. ಈ ಹೇರಿನಲ್ಲಿ ಒಂದು ಎಲೆಯೂ ಹೋಗಕೂಡದು ಎಂದು ವ್ಯಾಪಾರಿ ಎಲ್ಲ ಪಿಂಡಿಗೂ ಚುಕ್ಕೆ ಇಟ್ಟ. ಸಾಲದೆಂದು ಹಿಂದಿನ ಸಂಜೆಯೇ ಅಡುಗೆಮನೆಯ ಗುಂಡುಕಲ್ಲು ತಂದು, ನಾಲ್ಕನೆಯ ಕೀಲಿಗೆ ಬೆಣೆ ಸೇರಿಸಿ ಬಡಿದ. ಕೀಲಿನ ಬಾಯಿ ಮುಚ್ಚಿತು.

ಬೆಳಿಗ್ಗೆ ಗಾಡಿಯವನು ಪಿಂಡಿ ಹೇರಿ, ಎತ್ತು ಹೂಡಿ, ಬೆಣೆಯನ್ನು ನೋಡಿದ. ಹೊಳೆ ಸಿಗುವ ಮುಂಚೆ ಇದನ್ನು ತೆಗೆದುಬಿಡೋಣ ಯಜಮಾನರೇ, ಎಂದ.

ವ್ಯಾಪಾರಿ ಆಗಲೂ ಏಕೆ ಎಂದು ಕೇಳಲಿಲ್ಲ. ಉತ್ತರ ಅವನಲ್ಲೇ ಸಿದ್ಧವಿತ್ತು: ಹೊಳೆಯ ದಂಡೆಯಲ್ಲಿ ಜನವಿಲ್ಲ. ಬೆಣೆ ತೆಗೆಯುವುದಿರಲಿ, ಅದಕ್ಕೇ ಬೆನ್ನು ಕೊಟ್ಟು ಕೂತ. ದಾರಿಯಲ್ಲಿ ಗಾಡಿಯವನು ಎರಡು ಸಲ ತಿರುಗಿ ಬೆಣೆಯ ಕಡೆ ನೋಡಿದ. ಅದೂ ಅವನ ಮೇಲಿನ ಅನುಮಾನಕ್ಕೇ ಸೇರಿತು.

ಹೊಳೆಯಲ್ಲಿ ಮೊಳಕಾಲುದ್ದ ನೀರು. ಗಾಡಿ ನಡುನೀರಿಗೆ ಬಂದಾಗ ವೈಶಾಖದ ಗಾಳಿ ಎದ್ದಿತು. ಕಮಾನಿನ ಹೊಟ್ಟೆಗೆ ಹೊಕ್ಕಿತು. ಎಲೆಯ ಹೇರಿಗೆ ಭಾರವೆಲ್ಲಿ? ಹಾರಿಹೋಗಬೇಕಾದ ಕಮಾನನ್ನು ಬೆಣೆ ಬಿಡಲಿಲ್ಲ. ಕಮಾನು ಗಾಡಿಯನ್ನೇ ಹಿಡಿದೆತ್ತಿ ಮಗ್ಗುಲಿಗೆ ಮಲಗಿಸಿತು. ಗಾಡಿಯವನು ಕೊರಳ ಹಗ್ಗ ಕೊಯ್ದು ಎತ್ತುಗಳನ್ನು ಉಳಿಸಿದ. ವ್ಯಾಪಾರಿ ನೀರಿನಲ್ಲಿ ಕೂತಿದ್ದ. ಪಿಂಡಿಗಳು ಬಿಚ್ಚಿಕೊಂಡು, ಎಲೆಗಳು ಸುಣ್ಣದ ಚುಕ್ಕೆ ಮೇಲೆ ಮಾಡಿಕೊಂಡು ಸಾಲಾಗಿ ಹೊರಟುಹೋದವು.

"ಹೀಗಾಗುತ್ತದೆಂದು ನಿನಗೆ ಗೊತ್ತಿತ್ತೇ?" ಎಂದು ವ್ಯಾಪಾರಿ ಗಾಡಿಯವನನ್ನು ಕೇಳಿದ. ಅವನು ಬಾಯಿಬಿಟ್ಟು ಕೇಳಿದ ಮೊದಲ ಪ್ರಶ್ನೆ ಅದು.

"ಗೊತ್ತಿತ್ತು. ಗಾಳಿ ಜೋರಾದರೆ ಆ ಸಡಿಲ ಕೀಲು ತಾನಾಗಿ ಹಾರುತ್ತದೆ. ಆ ಮೂಲೆ ಎದ್ದರೆ ಅದರ ಎಳೆತಕ್ಕೆ ಉಳಿದ ಮೂರೂ ಕಳಚುತ್ತವೆ. ಕಮಾನು ಹೋಗುತ್ತದೆ, ಗಾಡಿ ಉಳಿಯುತ್ತದೆ."

"ಹಾಳಾದವನೇ, ಮೊದಲೇ ಹೇಳಬಾರದಿತ್ತೇ?"

"ಹೊಸ ಕೆಲಸ ಒಪ್ಪಿಸುವಾಗ ಗಾಡಿ ಉರುಳುವ ಅಪಶಕುನದ ಮಾತನ್ನು ಬಡಗಿ ತಾನಾಗಿ ಆಡುವುದಿಲ್ಲ. ಶುಭಕಾರ್ಯಕ್ಕೆ ಹೊರಟಾಗ ನಾನೂ ಆಡುವುದಿಲ್ಲ. ಕೇಳಿದವರಿಗೆ ಹೇಳಿದರೆ ದೋಷವಿಲ್ಲ, ಯಜಮಾನರೇ. ನೀವು ಯಾರನ್ನೂ ಕೇಳಲಿಲ್ಲ. ಬೆಣೆ ತೆಗೆಯೋಣ ಅಂದೆ, ಅದನ್ನೇ ಒರಗಿಕೊಂಡು ಕೂತಿರಿ."

ವ್ಯಾಪಾರಿ ಒದ್ದೆ ಪಂಚೆಯಲ್ಲೇ ಗಂಡಿನ ಮನೆ ಸೇರಿದ. ಬೀಗರು ತಟ್ಟೆ ತಂದು ಮುಂದಿಟ್ಟರು. ತಟ್ಟೆಯಲ್ಲಿ ಅಡಿಕೆ ಇತ್ತು, ಅರಿಸಿನ ಕುಂಕುಮ ಇತ್ತು, ಎಲೆ ಇರಲಿಲ್ಲ. ಎಲೆಯವನ ಮನೆಯಲ್ಲಿ ಎಲೆಗೇ ಗತಿಯಿಲ್ಲ, ಇನ್ನು ಹೆಣ್ಣು ಹೇಗೋ ಎಂದಳು ಮೂಲೆಯಲ್ಲಿದ್ದ ಮುದುಕಿ. ಗಂಡಿನ ತಂದೆ ಶಲ್ಯ ಕೊಡವಿ ಎದ್ದ.

ಆಗ ಬಾಗಿಲಲ್ಲಿ ನಿಂತಿದ್ದ ಗಾಡಿಯವನು ಒಳಗೆ ಬಂದು, ಸೊಂಟದ ಸಂಚಿ ಬಿಚ್ಚಿ, ಎರಡು ಎಲೆಗಳನ್ನು ತಟ್ಟೆಯಲ್ಲಿಟ್ಟ. ಎರಡೂ ಹಸಿರಾಗಿದ್ದವು. ಎರಡರ ಬೆನ್ನಿಗೂ ಒಂದೊಂದು ಸುಣ್ಣದ ಚುಕ್ಕೆ ಇತ್ತು.

ವ್ಯಾಪಾರಿ ಚುಕ್ಕೆಗಳನ್ನು ನೋಡಿದ. ಎಲೆಗಳನ್ನು ಮಗುಚಿ ಇಟ್ಟ. ತಟ್ಟೆ ಎತ್ತಿ ಬೀಗರ ಕೈಗೆ ಕೊಟ್ಟ. ಮದುವೆಯ ಮಾತು ಗಟ್ಟಿಯಾಯಿತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, "ಹಾಗಾದರೆ ಗಾಡಿಯವನು ಕಳ್ಳನೇ ಆದನಲ್ಲ, ಬುದ್ಧಿ. ಅನುಮಾನ ಸುಳ್ಳೇನಲ್ಲ," ಎಂದ.

"ದಿನಕ್ಕೆ ಎರಡು ಎಲೆ, ನಿಜ. ಕೀಲಿನ ಸಂದಿಯಿಂದಲ್ಲ. ಪಿಂಡಿ ಹೇರುವಾಗ ಎದುರಿಗೇ ತೆಗೆದು ಸಂಚಿಗೆ ಹಾಕಿಕೊಳ್ಳುತ್ತಿದ್ದ. ವ್ಯಾಪಾರಿ ಆಗ ಕೀಲನ್ನು ಕಾಯುತ್ತಿದ್ದ."

ಶಿಷ್ಯನ ಕಣ್ಣು ಬುಟ್ಟಿಯ ಮೇಲಿತ್ತು. ಗುರುಗಳು ಬುಟ್ಟಿಯನ್ನು ಅವನ ಕಡೆಗೆ ಒಂದು ಗೇಣು ಸರಿಸಿದರು.

"ಇದರಲ್ಲಿ ಏನಿದೆಯೆಂದು ಈಗ ಕೇಳುತ್ತೀಯೋ, ನಾಳೆಯೂ ಬೇವಿನ ಮರದ ಹಿಂದೆ ನಿಲ್ಲುತ್ತೀಯೋ?"