ಸದ್ದು ಮಾಡಬೇಡಿ, ಚೆಲುವ ಮಲಗಿದ್ದಾನೆ

ಮಕ್ಕಳೇ, ನೀವು ಹಾಸಿಗೆ ಬಿಟ್ಟು ಏಳುವ ಹೊತ್ತಿಗೆ ಮಲಗಲು ಹೊರಡುವ ಪ್ರಾಣಿಯೊಂದು ನಮ್ಮ ಕಾಡಿನಲ್ಲಿದೆ. ಅದರ ಹೆಸರು ಕಾಡುಪಾಪ. ಪುಟ್ಟ ಮೈ, ಕಡ್ಡಿಯಂಥ ಕೈಕಾಲು, ಮುಖದ ತುಂಬ ಕಣ್ಣು. ರಾತ್ರಿಯೆಲ್ಲ ಹುಳ ಹಿಡಿದು ತಿಂದು, ಬೆಳಗಾದ ಮೇಲೆ ಮೈ ಮುದುಡಿಕೊಂಡು ನಿದ್ದೆ ಮಾಡುವುದು ಅದರ ಪದ್ಧತಿ.

ಒಂದು ಕುರುಚಲು ಕಾಡಿನ ಹುಣಸೆ ಮರದಲ್ಲಿ ಬೋರಮ್ಮ ಎಂಬ ಕಾಡುಪಾಪ ಇದ್ದಳು. ಅವಳ ಮರಿಯ ಹೆಸರು ಚೆಲುವ.

ಚೆಲುವ ಹುಟ್ಟಿ ಮೂರು ತಿಂಗಳಾಗಿತ್ತು. ಅಷ್ಟರಲ್ಲೇ ಅವನಿಗೆ ನಾಲ್ಕು ಸಲ ನೆಗಡಿ, ಎರಡು ಸಲ ಜ್ವರ. ಒಂದು ಸಲವಂತೂ ಹೊಟ್ಟೆ ಕೆಟ್ಟು ಕಣ್ಣು ಗುಳಿ ಬಿದ್ದಿದ್ದವು. ಒಂದು ಕಾಯಿಲೆ ಹೋಯಿತು ಎಂದು ಬೋರಮ್ಮ ಉಸಿರು ಬಿಡುವಷ್ಟರಲ್ಲಿ ಅವನು ಮತ್ತೆ "ಆಕ್ಷೀ" ಎನ್ನುತ್ತಿದ್ದ.

ಕಾಯಿಲೆಗಿಂತ ದೊಡ್ಡ ಕಷ್ಟ ನಿದ್ದೆಯದು. ಮಲಗಿಸಿದರೆ ಮಲಗುತ್ತಿದ್ದ. ಬೋರಮ್ಮ ಅವನ ಪಕ್ಕದಲ್ಲಿ ಮೆಲ್ಲಗೆ ಮುದುಡಿ ಕಣ್ಣು ಮುಚ್ಚಿದಳೋ ಇಲ್ಲವೋ, "ಕೀಂ" ಎಂದು ಎದ್ದುಬಿಡುತ್ತಿದ್ದ. ಎತ್ತಿಕೊಂಡರೆ ಸುಮ್ಮನಾಗುತ್ತಿದ್ದ. ಮಲಗಿಸಿದರೆ ಮತ್ತೆ ಅಳು. ಹೀಗೆ ಒಂದು ಹಗಲಿಗೆ ಎಂಟು ಸಲ, ಹತ್ತು ಸಲ.

ಬೋರಮ್ಮನ ತಲೆ ಮಂಕಾಯಿತು. ಕಂಬಳಿಹುಳ ಎಂದು ಒಣಕಡ್ಡಿಗೆ ಬಾಯಿ ಹಾಕಿದಳು. ತನ್ನ ಮರ ಎಂದು ಪಕ್ಕದ ಹೊಂಗೆ ಮರ ಹತ್ತಿದಳು. ಒಂದು ದಿನ ಚೆಲುವನನ್ನು ಬೆನ್ನ ಮೇಲೆ ಹೊತ್ತುಕೊಂಡೇ, "ಅಯ್ಯೋ, ನನ್ನ ಮಗು ಎಲ್ಲಿ?" ಎಂದು ಕೊಂಬೆ ಕೊಂಬೆ ಹುಡುಕಿದಳು.

ಹೊಂಗೆ ಮರದಲ್ಲಿ ಈರಜ್ಜಿ ಎಂಬ ವಯಸ್ಸಾದ ಕಾಡುಪಾಪ ಇದ್ದಳು. ಇದನ್ನೆಲ್ಲ ನೋಡಿ ಅವಳೇ ಬಂದಳು.

"ಬೋರಮ್ಮ, ಅವನನ್ನು ಇಲ್ಲಿ ಕೊಡು. ನೀನು ಸ್ವಲ್ಪ ಹೊತ್ತು ಮಲಗು."

"ಬೇಡ ಅಜ್ಜಿ. ಅವನು ನನ್ನ ಹತ್ತಿರ ಬಿಟ್ಟು ಯಾರ ಹತ್ತಿರವೂ ಇರಲ್ಲ."

"ಯಾರ ಕೈಗೂ ಕೊಡದೆ ಅದು ಹೇಗೆ ಗೊತ್ತಾಯಿತು?"

ಬೋರಮ್ಮನಿಗೆ ಸಿಟ್ಟು ಬಂತು. "ನನ್ನ ಮಗು ಏಳುವುದು ನನ್ನಿಂದಲ್ಲ. ಈ ಕಾಡಿನ ಗಲಾಟೆಯಿಂದ. ಅದನ್ನು ನಿಲ್ಲಿಸಿದರೆ ಎಲ್ಲ ಸರಿಹೋಗುತ್ತೆ" ಎಂದಳು.

ಹೇಳಿದವಳು ಸುಮ್ಮನೆ ಕೂರಲಿಲ್ಲ. ನೇರವಾಗಿ ಮರಕುಟಿಗ ಮಾರಣ್ಣನ ಹತ್ತಿರ ಹೋದಳು.

"ಮಾರಣ್ಣ, ಬೆಳಗಿನಿಂದ ಟಕ ಟಕ, ಟಕ ಟಕ! ಇಲ್ಲೊಂದು ಕಾಯಿಲೆಯ ಮಗು ಮಲಗಿದೆ ಅಂತ ಗೊತ್ತಿಲ್ಲವಾ?"

"ಕುಟ್ಟದಿದ್ದರೆ ಹುಳ ಹೇಗೆ ಸಿಗುತ್ತೆ ತಾಯಿ?"

"ಬೇರೆ ಮರ ಇಲ್ಲವಾ?"

ಅವಳ ಕೆಂಪು ಕಣ್ಣು ನೋಡಿ ಮಾರಣ್ಣನಿಗೆ ಅಯ್ಯೋ ಎನಿಸಿತು. ಬೇರೆ ಮರ ಹುಡುಕಿಕೊಂಡು ಹಾರಿಹೋದ.

ಆ ದಿನವೂ ಚೆಲುವ ಎಂಟು ಸಲ ಎದ್ದ.

ಮರುದಿನ ಬೋರಮ್ಮ ಅಳಿಲನ್ನು ಓಡಿಸಿದಳು. ಅದರ ಮರುದಿನ ಹರಟೆಮಲ್ಲ ಹಕ್ಕಿಗಳ ಸರದಿ. ಮರದ ಬುಡದಲ್ಲಿ ಏಳು ಹಕ್ಕಿಗಳು ತರಗೆಲೆ ಕೆದಕುತ್ತಾ ದಿನವಿಡೀ ಮಾತಾಡುತ್ತಿದ್ದವು. ದ್ಯಾವಕ್ಕ ಆ ಗುಂಪಿನ ಹಿರಿಯಳು.

"ದ್ಯಾವಕ್ಕ, ನಿಮ್ಮ ಏಳು ಜನರ ಬಾಯಿಗೂ ಬೀಗ ಹಾಕಿ!"

"ನಾವು ಬರೀ ಹರಟೆ ಹೊಡೆಯಲ್ಲ ಬೋರಮ್ಮ," ದ್ಯಾವಕ್ಕ ಸಮಾಧಾನವಾಗಿ ಹೇಳಿದಳು. "ಎಲ್ಲಿ ಗಿಡುಗ ಇದೆ, ಎಲ್ಲಿ ಹಾವು ಹರಿಯಿತು ಅಂತ ಒಬ್ಬರಿಗೊಬ್ಬರು..."

"ನನಗೆ ಏನೂ ಕೇಳಬೇಕಾಗಿಲ್ಲ. ನಿಮಗೂ ಮಕ್ಕಳಿವೆ. ಇನ್ನು ಒಂದು ಸದ್ದು ಬಂದರೂ ನಿಮ್ಮ ಮುಖ ನೋಡಲ್ಲ."

ದ್ಯಾವಕ್ಕನಿಗೆ ನೋವಾಯಿತು. ಆದರೂ ತನ್ನವರನ್ನು ಕರೆದುಕೊಂಡು ದೂರದ ಲಂಟಾನ ಪೊದೆಗೆ ಹೋದಳು. "ಪಾಪ, ನಿದ್ದೆಯಿಲ್ಲದ ತಾಯಿ. ಯಾರೂ ಬಾಯಿ ಬಿಡಬೇಡಿ" ಎಂದು ಎಲ್ಲರಿಗೂ ಹೇಳಿದಳು.

ಕಾಡು ಗಪ್‌ಚಿಪ್ ಆಯಿತು.

ಈಗ ಚೆಲುವ ಚೆನ್ನಾಗಿ ಮಲಗಿದನೇ? ಇಲ್ಲ ಮಕ್ಕಳೇ. ಅವತ್ತು ಒಂಬತ್ತು ಸಲ ಎದ್ದ.

ಬೋರಮ್ಮನಿಗೆ ಕುಳಿತಲ್ಲಿ ಕೂರಲಾಗಲಿಲ್ಲ. ಈಗ ಅವಳಿಗೆ ಸಣ್ಣ ಸದ್ದೂ ದೊಡ್ಡದಾಗಿ ಕೇಳುತ್ತಿತ್ತು. ಹುಣಸೆಹಣ್ಣೊಂದು ಕೆಳಗೆ ಬಿದ್ದರೆ, "ಯಾರದು?" ಎಂದು ಸಿಡುಕಿದಳು. ಗಾಳಿ ಬೀಸಿದರೆ ಗಾಳಿಯ ಕಡೆಗೇ ಕಣ್ಣು ಬಿಟ್ಟಳು.

ಈರಜ್ಜಿ ಮತ್ತೆ ಬಂದಳು. "ನೋಡಮ್ಮಾ, ಅವನು ಸದ್ದಿಗೆ ಏಳುತ್ತಿಲ್ಲ. ಮಲಗಿಸಿದ ತಕ್ಷಣ ಮೂಗು ಕಟ್ಟುತ್ತೆ, ಉಸಿರಾಡೋಕೆ ಆಗದೆ ಏಳ್ತಾನೆ. ಎದೆಗೆ ನೆಟ್ಟಗೆ ಒರಗಿಸಿಕೊಂಡು ಕೂತರೆ ಮಲಗ್ತಾನೆ. ಆದರೆ ಹಾಗೆ ಕೂತವರು ನಿದ್ದೆ ಮಾಡೋ ಹಾಗಿಲ್ಲ. ಒಬ್ಬರ ಕೈಲಿ ಆಗೋ ಕೆಲಸವಲ್ಲ ಅದು."

"ನಾನೇ ನೋಡಿಕೊಳ್ತೀನಿ ಅಜ್ಜಿ" ಎಂದು ಬೋರಮ್ಮ ಮುಖ ತಿರುಗಿಸಿದಳು.

ಮರುದಿನ ಮಧ್ಯಾಹ್ನ. ಬಿಸಿಲು ನೆತ್ತಿಗೆ ಬಂದಿತ್ತು. ಚೆಲುವ ಅತ್ತು ಅತ್ತು ಆಗಷ್ಟೇ ಕಣ್ಣು ಮುಚ್ಚಿದ್ದ. ಅವನನ್ನು ತೋಳಲ್ಲಿ ಹಿಡಿದು ಕಾಯುತ್ತಾ ಕುಳಿತಿದ್ದ ಬೋರಮ್ಮನ ತಲೆ ಒಮ್ಮೆ ತೂಗಿತು. ಬೆಚ್ಚಿ ಎದ್ದಳು. ಮತ್ತೆ ತೂಗಿತು. ಮೂರನೇ ಸಲ ತಲೆ ಏಳಲೇ ಇಲ್ಲ. ಅವಳ ತೋಳು ಸಡಿಲವಾಗಿ, ಚೆಲುವ ಮೆಲ್ಲಗೆ ಜಾರಿ ಕೊಂಬೆಯ ಮೇಲೆ ಒಬ್ಬನೇ ಉಳಿದ.

ಅದೇ ಹೊತ್ತಿಗೆ ಒಂದು ಕೇರೆಹಾವು ಹುಣಸೆ ಮರ ಹತ್ತುತ್ತಿತ್ತು.

ಲಂಟಾನ ಪೊದೆಯಿಂದ ದ್ಯಾವಕ್ಕನ ತಂಗಿ ಅದನ್ನು ನೋಡಿದಳು. "ಅಕ್ಕಾ, ಹಾವು!" ಎಂದು ಪಿಸುಗುಟ್ಟಿದಳು.

"ಕೂಗೋಣವಾ?" ಎಂದಳು ಇನ್ನೊಬ್ಬಳು.

"ಕೂಗಿದರೆ ಬೋರಮ್ಮ ಸುಮ್ಮನಿರ್ತಾಳಾ? ಮೊನ್ನೆ ಬೈದಿದ್ದು ಸಾಲದಾ?"

"ಅವಳೇ ಎಚ್ಚರವಾಗಿ ಇರಬಹುದು. ಅವಳು ನಿದ್ದೆ ಮಾಡಿದ್ದನ್ನು ಯಾರು ನೋಡಿದ್ದಾರೆ?"

ಹೀಗೆ ಅವರು ಪಿಸುಗುಡುತ್ತಿರುವಾಗ ಹಾವು ಮೊದಲ ಕವಲು ದಾಟಿತು. ಎರಡನೆಯದನ್ನೂ ದಾಟಿತು. ಚೆಲುವನಿಂದ ಒಂದು ಗೇಣು ದೂರದಲ್ಲಿ ತಲೆಯೆತ್ತಿತು.

ಚೆಲುವ ಕೆಮ್ಮಿದ. ಬೋರಮ್ಮ ಅಲುಗಾಡಲಿಲ್ಲ.

ದ್ಯಾವಕ್ಕನಿಗೆ ಇನ್ನು ತಡೆಯಲಾಗಲಿಲ್ಲ. "ಬೈದರೆ ಬೈಯಲಿ!" ಎಂದವಳೇ ಗಂಟಲು ಹರಿಯುವಂತೆ ಕಿರುಚುತ್ತಾ ಹಾರಿದಳು. ಉಳಿದ ಆರು ಹಕ್ಕಿಗಳೂ ಹಿಂದೆಯೇ ಹಾರಿದವು. ಆ ಕೂಗು ಕೇಳಿ ಮಾರಣ್ಣ ಎಲ್ಲಿಂದಲೋ ಬಂದ.

ಬೋರಮ್ಮ ಗಾಬರಿಯಿಂದ ಎದ್ದಳು. ಕಣ್ಣು ಬಿಡುವ ಮೊದಲೇ ಅವಳ ಬಾಯಿಂದ ಬಂದ ಮಾತೇನು ಗೊತ್ತೇ?

"ಬಾಯಿ ಮುಚ್ಚಿ! ಮಗು ಏಳುತ್ತೆ!"

ಆಮೇಲೆ ಕಣ್ಣು ಬಿಟ್ಟಳು. ತೋಳು ಖಾಲಿ. ಎದುರಿಗೆ ಹಾವಿನ ತೆರೆದ ಬಾಯಿ.

ಮಾರಣ್ಣ ಹಾವಿನ ತಲೆಗೆ ಒಂದು ಕುಟ್ಟಿದ. ಹಾವು ಅತ್ತ ತಿರುಗಿತು. ದ್ಯಾವಕ್ಕ ಬೆನ್ನಿಗೆ ಎರಗಿದಳು. ಇತ್ತ ತಿರುಗಿತು. ಅವಳ ಬಾಲದ ಎರಡು ಗರಿ ಅದರ ಬಾಯಿಗೆ ಹೋದವು. ಅಷ್ಟರಲ್ಲಿ ಬೋರಮ್ಮ ಚಾಚಿದ ಒಂದೇ ಕೈಯಲ್ಲಿ ಚೆಲುವನನ್ನು ಬಾಚಿ ಎದೆಗೆ ಒತ್ತಿಕೊಂಡು ಮರದ ತುದಿಗೆ ಹತ್ತಿದಳು. ಎಂಟು ಕೊಕ್ಕಿನ ಕಾಟ ತಡೆಯಲಾರದೆ ಹಾವು ಸರಸರನೆ ಇಳಿದು ಪೊದೆ ಸೇರಿತು.

ಬೋರಮ್ಮ ಚೆಲುವನನ್ನು ಅಪ್ಪಿಕೊಂಡೇ ಮೆಲ್ಲಗೆ ಕೆಳಗಿನ ಕೊಂಬೆಗೆ ಇಳಿದು ಬಂದಳು.

"ತಪ್ಪು ನಮ್ಮದು," ದ್ಯಾವಕ್ಕ ತಲೆ ತಗ್ಗಿಸಿ ಹೇಳಿದಳು. "ಹಾವು ಬುಡದಲ್ಲಿದ್ದಾಗಲೇ ನೋಡಿದ್ದೆವು. ನಿನ್ನ ಮಾತಿಗೆ ಹೆದರಿ ಸುಮ್ಮನಿದ್ದೆವು."

"ನೀವು ಸುಮ್ಮನಿರುವ ಹಾಗೆ ಮಾಡಿದ್ದು ನಾನು" ಎಂದಳು ಬೋರಮ್ಮ. ಅವಳಿಗೆ ಅಳು ಬಂತು. ತಿಂಗಳುಗಳಿಂದ ಒಳಗೆ ಇಟ್ಟುಕೊಂಡಿದ್ದ ಅಳು. ಯಾರೂ ಅವಳಿಗೆ ಸುಮ್ಮನಿರು ಎನ್ನಲಿಲ್ಲ.

ಅತ್ತು ಮುಗಿದ ಮೇಲೆ ಅವಳು ಹೊಂಗೆ ಮರದ ಕಡೆ ತಿರುಗಿದಳು. ಕೇಳಲು ಬಾಯಿ ಬರಲಿಲ್ಲ. ಆದರೂ ಕೇಳಿದಳು.

"ಅಜ್ಜಿ, ಇವನನ್ನು ಸ್ವಲ್ಪ ಹೊತ್ತು ಎತ್ತಿಕೊಳ್ತೀಯಾ? ನನ್ನ ಕೈಲಿ ಆಗ್ತಿಲ್ಲ."

ಈರಜ್ಜಿ ಹುಣಸೆ ಮರಕ್ಕೆ ಬಂದು ಚೆಲುವನನ್ನು ತೆಗೆದುಕೊಂಡು ಎದೆಗೆ ನೆಟ್ಟಗೆ ಒರಗಿಸಿಕೊಂಡಳು. ಅವನು ಹೊಸ ಮುಖ ನೋಡಿ ಒಮ್ಮೆ ಅತ್ತ. ಬೋರಮ್ಮನ ಕೈ ತಾನಾಗಿ ಮುಂದೆ ಹೋಯಿತು. ಅಜ್ಜಿ ಕಣ್ಣಲ್ಲೇ ಬೇಡ ಎಂದಳು. ಇನ್ನೊಮ್ಮೆ ಅತ್ತ. ಆಮೇಲೆ ಅವನ ಮೂಗಿನ ಗೊರಗೊರ ಕಡಿಮೆಯಾಯಿತು, ಕಣ್ಣು ಮುಚ್ಚಿತು.

ದ್ಯಾವಕ್ಕನವರು ಮರದ ಬುಡಕ್ಕೆ ಬಂದು ಎಲೆ ಕೆದಕತೊಡಗಿದರು, ಹಾವಿನ ಕತೆಯನ್ನೇ ಏಳು ಬಗೆಯಲ್ಲಿ ಹೇಳಿಕೊಳ್ಳುತ್ತಾ. ಆ ಗಲಾಟೆಯ ನಡುವೆಯೇ ಬೋರಮ್ಮ ನಿದ್ದೆಹೋದಳು.

ಅವಳಿಗೆ ಎಚ್ಚರವಾದಾಗ ಹೊತ್ತು ಮುಳುಗುತ್ತಿತ್ತು. ಮಗು ಪಕ್ಕದಲ್ಲಿಲ್ಲ! ದಡಬಡಿಸಿ ಎದ್ದಳು. ತಿರುಗಿ ನೋಡಿದರೆ ಅಜ್ಜಿಯ ತೊಡೆಯ ಮೇಲೆ ಕುಳಿತ ಚೆಲುವ, ಅವಳ ಕಿವಿ ಹಿಡಿದು ಜಗ್ಗುತ್ತಿದ್ದ.

"ಎದ್ದಿದ್ದನಾ ಅಜ್ಜಿ?"

"ನಾಲ್ಕು ಸಲ ಎದ್ದ" ಎಂದಳು ಈರಜ್ಜಿ. "ನಿನ್ನನ್ನು ಎಬ್ಬಿಸುವಷ್ಟು ದೊಡ್ಡ ವಿಷಯ ಯಾವುದೂ ಆಗಿರಲಿಲ್ಲ."

ಚೆಲುವನ ಕಾಯಿಲೆಗಳು ಅಲ್ಲಿಗೇ ನಿಲ್ಲಲಿಲ್ಲ. ಮುಂದಿನ ತಿಂಗಳೂ ನೆಗಡಿ ಬಂತು. ಅವನು ಏಳುತ್ತಿದ್ದ, ಅಳುತ್ತಿದ್ದ. ಆದರೆ ಅರ್ಧ ಹಗಲು ಬೋರಮ್ಮ ಎತ್ತಿಕೊಂಡರೆ, ಇನ್ನರ್ಧ ಹಗಲು ಈರಜ್ಜಿ ಎತ್ತಿಕೊಳ್ಳುತ್ತಿದ್ದಳು.

ನೀತಿ: ಕಷ್ಟ ಬಂದಾಗ ಸುತ್ತಲಿನವರ ಬಾಯಿ ಮುಚ್ಚಿಸಬಾರದು, ನಾವೇ ಬಾಯಿಬಿಟ್ಟು ಅವರ ನೆರವು ಕೇಳಬೇಕು.