ಎರಡು ಹೋಳಾದ ಹರಿಗೋಲು

“ಗುರುಗಳೇ, ವೇಗ ಹೆಚ್ಚಾದಷ್ಟೂ ಚಿತ್ರ ಹರಿದುಹೋಗುವುದೇಕೆ?” ಎಂದು ಪ್ರಭಂಜನನೆಂಬ ಶಿಷ್ಯ ಕೇಳಿದ.

“ಯಾವ ಚಿತ್ರ?” ಎಂದರು ಗುರುಗಳು.

“ಕಂಪ್ಯೂಟರ್ ಆಟದ ಚಿತ್ರ. ಆಟದಲ್ಲಿ ಒಬ್ಬ ಸವಾರನಿದ್ದಾನೆ. ನಾನು ಕುದುರೆಯನ್ನು ತಿರುಗಿಸಿದ ಕೂಡಲೇ ಪರದೆಯ ಮೇಲೆ ಒಂದು ಅಡ್ಡಗೆರೆ ಮೂಡುತ್ತದೆ. ಗೆರೆಯ ಮೇಲೆ ಸವಾರ ಒಂದು ಕಡೆ, ಗೆರೆಯ ಕೆಳಗೆ ಕುದುರೆ ಇನ್ನೊಂದು ಕಡೆ. ಕೇಬಲ್ ಬದಲಿಸಿದೆ. ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದೆ. ಅದು ಹಳೆಯದರ ಎರಡರಷ್ಟು ವೇಗವಾಗಿ ಚಿತ್ರ ಬರೆಯುತ್ತದೆ. ಮೊದಲು ಒಂದು ಗೆರೆ ಇತ್ತು, ಈಗ ಎರಡಿವೆ. ಪರದೆಯನ್ನೇ ಬಿಸಾಡಿ ಬೇರೆಯದನ್ನು ತರಲು ಹೊರಟಿದ್ದೇನೆ.”

“ಬೇರೆ ದಾರಿ ಇಲ್ಲವೇ?”

“ಒಂದಿದೆ. ಆಟದ ಸೆಟ್ಟಿಂಗ್ಸ್‌ನಲ್ಲಿ ಒಂದು ಆಯ್ಕೆ ಇದೆ. ಅದನ್ನು ಆನ್ ಮಾಡಿದರೆ, ಪರದೆ ಒಂದು ಚಿತ್ರವನ್ನು ಮೇಲಿನಿಂದ ಕೆಳಗಿನವರೆಗೆ ಪೂರ್ತಿ ತೋರಿಸಿ ಮುಗಿಸುವವರೆಗೆ ಕಾರ್ಡ್ ಕಾಯುತ್ತದೆ. ಇಷ್ಟು ಒಳ್ಳೆಯ ಕಾರ್ಡನ್ನು ಸುಮ್ಮನೆ ಕಾಯಿಸಲು ನನಗೆ ಮನಸ್ಸಾಗಲಿಲ್ಲ. ಆಫ್ ಮಾಡಿಟ್ಟಿದ್ದೇನೆ.”

ಪ್ರಭಂಜನ ನಿಂತುಕೊಂಡೇ ಮಾತನಾಡುತ್ತಿದ್ದ. ಬೈಕಿನ ಕೀಲಿ ಅವನ ಬೆರಳಲ್ಲಿ ಸುತ್ತುತ್ತಿತ್ತು. ಗುರುಗಳು, “ಕೀಲಿಯನ್ನು ಕೆಳಗಿಡು. ಕುಳಿತುಕೋ. ನಿಂತವನಿಗೆ ನಾನು ಕತೆ ಹೇಳುವುದಿಲ್ಲ” ಎಂದರು. ಅವನು ಕುಳಿತ. ಅವರು ಹೇಳತೊಡಗಿದರು.

ಹೊಳೆಯ ದಡದ ಒಂದು ಊರಿನಲ್ಲಿ ಒಬ್ಬ ಚಿತ್ರಗಾರನಿದ್ದ. ಅವನಷ್ಟು ವೇಗವಾಗಿ ಕುಂಚ ಆಡಿಸುವವರು ಆ ಸೀಮೆಯಲ್ಲಿ ಇರಲಿಲ್ಲ. ಒಂದು ಉಸಿರು ಒಳಗೆ ಹೋಗಿ ಹೊರಗೆ ಬರುವಷ್ಟರಲ್ಲಿ ಒಂದು ಚಿತ್ರ ಮುಗಿಯುತ್ತಿತ್ತು. ಮುಗಿದ ಚಿತ್ರವನ್ನು ಅವನು ನೋಡುತ್ತಿರಲಿಲ್ಲ. ಅಷ್ಟರಲ್ಲಿ ಮುಂದಿನ ಚಿತ್ರ ಶುರುವಾಗಿರುತ್ತಿತ್ತು.

ಅವನಿಗೆ ತಾಯಿ ಇದ್ದಳು. ಅವಳ ತವರು ಹೊಳೆಯ ಆಚೆ ದಡದಲ್ಲಿತ್ತು. ಮದುವೆಯಾದಂದಿನಿಂದ ಪ್ರತಿ ಪಂಚಮಿಗೆ ಅವಳು ಹರಿಗೋಲು ಹತ್ತಿ ತವರಿಗೆ ಹೋಗಿ ಬರುತ್ತಿದ್ದಳು. ಒಂದು ವರ್ಷವೂ ತಪ್ಪಿಸಿದವಳಲ್ಲ. ಆ ವರ್ಷ ಹಾಸಿಗೆ ಹಿಡಿದಳು. ಎದ್ದು ಕೂರುವುದೂ ಆಗಲಿಲ್ಲ. ಹೊಳೆಯೂ ತುಂಬಿ ಹರಿಯುತ್ತಿತ್ತು. ಅಂಬಿಗರು ಹರಿಗೋಲುಗಳನ್ನು ದಡದ ಮೇಲೆ ಬೋರಲು ಹಾಕಿದ್ದರು. ವೈದ್ಯ ಮಗನನ್ನು ಹೊರಗೆ ಕರೆದು, “ನೀರು ಇಳಿಯುವವರೆಗೆ ಇವರು ಇರುವುದಿಲ್ಲ” ಎಂದ.

ತಾಯಿ ಕೇಳಿದ್ದು ಒಂದೇ. “ಮಗಾ, ಈ ಪಂಚಮಿಗೂ ನನ್ನನ್ನು ಆಚೆ ದಡ ಮುಟ್ಟಿಸು.”

ಪಂಚಮಿಗೆ ಎಂಟು ದಿನ ಇತ್ತು. ಮಗ ಯೋಚಿಸಿದ. ತಾಯಿಯನ್ನು ಹೊಳೆಗೆ ಒಯ್ಯುವಂತಿಲ್ಲ. ಹೊಳೆಯನ್ನೇ ತಾಯಿಯ ಬಳಿಗೆ ತರಬಹುದು.

ಅವನು ಹಾಸಿಗೆಯ ಕಾಲ ಬದಿಗೆ ಒಂದು ಚೌಕಟ್ಟು ನಿಲ್ಲಿಸಿದ. ತೆಳುವಾದ ಹಲಗೆಗಳನ್ನು ತರಿಸಿದ. ಮೊದಲ ಹಲಗೆಯಲ್ಲಿ ಹೊಳೆ ಬರೆದ, ಈಚೆ ದಡದಲ್ಲಿ ಹರಿಗೋಲು ಬರೆದ, ಅದರಲ್ಲಿ ತಾಯಿಯನ್ನು ಕೂರಿಸಿದ. ಎರಡನೆಯ ಹಲಗೆಯಲ್ಲಿ ಅದೇ ಹೊಳೆ, ಅದೇ ತಾಯಿ. ಹರಿಗೋಲು ಮಾತ್ರ ಒಂದು ಗೇಣು ಮುಂದೆ. ಮೂರನೆಯದರಲ್ಲಿ ಇನ್ನೊಂದು ಗೇಣು. ಅವನು ಚೌಕಟ್ಟಿನ ಹಿಂದೆ ನಿಂತು ಬರೆಯುತ್ತಿದ್ದ. ಬರೆದ ಹಲಗೆಯನ್ನು ಪಕ್ಕದಿಂದ ಚೌಕಟ್ಟಿಗೆ ನೂಕುತ್ತಿದ್ದ. ಹೊಸದು ಹಳೆಯದನ್ನು ತಳ್ಳಿ ಅದರ ಜಾಗದಲ್ಲಿ ನಿಲ್ಲುತ್ತಿತ್ತು. ಹಳೆಯದು ಆ ಬದಿಯಲ್ಲಿ ನೆಲಕ್ಕೆ ಹಾಸಿದ್ದ ಒಣಹುಲ್ಲಿನ ಮೇಲೆ ಬೀಳುತ್ತಿತ್ತು. ಬಾಗಿಲಲ್ಲಿ ನಿಂತ ನೆರೆಯವರು, “ಹರಿಗೋಲು ಹೋಗುತ್ತಿದೆ, ನೋಡಿ, ಹೋಗುತ್ತಿದೆ!” ಎಂದು ಕೂಗಿದರು. ಕೋಣೆಯ ತುಂಬ ನೀರು ಹರಿದಂತಿತ್ತು. ಹೊಸ್ತಿಲ ಮೇಲಿದ್ದ ಒಬ್ಬಳು ಸೀರೆಯ ಅಂಚನ್ನು ಎತ್ತಿ ಹಿಡಿದಳು.

ತಾಯಿ ನೋಡಿದಳು. ಎರಡೂ ಕೈಗಳಿಂದ ಮಂಚದ ಅಂಚನ್ನು ಹಿಡಿದುಕೊಂಡಳು.

“ಬೇಡ ಮಗಾ. ಇದು ಒಡೆದಿದೆ. ನಾನು ಇದನ್ನು ಹತ್ತುವುದಿಲ್ಲ.”

“ಎಲ್ಲಿ ಒಡೆದಿದೆ ಅವ್ವಾ?”

“ನಡುವಿಗೆ ಸರಿಯಾಗಿ ಒಡೆದಿದೆ. ನಾನು ಒಂದು ಕಡೆ, ನಾನು ಕುಳಿತ ಬುಟ್ಟಿ ಇನ್ನೊಂದು ಕಡೆ. ನಲವತ್ತು ವರ್ಷ ಹೊಳೆ ದಾಟಿದವಳು ನಾನು. ನೀರಿನ ಮೇಲೆ ಕೂರು ಎನ್ನುತ್ತೀಯಲ್ಲ!”

ಚಿತ್ರಗಾರ ಹುಲ್ಲಿನ ಮೇಲಿನ ಹಲಗೆಗಳನ್ನು ಎತ್ತಿ ನೋಡಿದ. ಯಾವ ಹಲಗೆಯಲ್ಲೂ ಹರಿಗೋಲು ಒಡೆದಿರಲಿಲ್ಲ.

ಚೌಕಟ್ಟು ಸಡಿಲವಿರಬೇಕು ಎಂದುಕೊಂಡ. ಬಡಗಿಯನ್ನು ಕರೆಸಿದ. ಬಡಗಿ ಚೌಕಟ್ಟನ್ನು ಬಿಗಿಮಾಡಿ ಹೋದ. ಹರಿಗೋಲು ಒಡೆದೇ ಕಂಡಿತು. ಬಣ್ಣ ಮಸುಕಾಗಿರಬೇಕು ಎಂದುಕೊಂಡ. ಒಬ್ಬ ವ್ಯಾಪಾರಿ ದೂರದ ಊರಿನಿಂದ ಹೊಳೆಯುವ ಬಣ್ಣ ತಂದುಕೊಟ್ಟ. ತಾಯಿ, “ಈಗ ಒಡಕು ಚೆನ್ನಾಗಿ ಕಾಣುತ್ತದೆ” ಎಂದಳು. ತನ್ನ ವೇಗ ಸಾಲದೇನೋ ಎಂದುಕೊಂಡ. ಒಂದು ಉಸಿರಿಗೆ ಎರಡು ಚಿತ್ರ ಬರೆದ. ಎರಡು ಹೋಳಾಗಿದ್ದ ಹರಿಗೋಲು ಮೂರು ಹೋಳಾಯಿತು. ತಾಯಿ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದಳು.

ಕೊನೆಗೆ ಅವನು ತಾಯಿಯ ಕಣ್ಣನ್ನೇ ದೂರಿದ. ಕಣ್ಣಿನ ವೈದ್ಯ ಬಂದು ಪರೀಕ್ಷಿಸಿ, “ಕಣ್ಣು ಚೆನ್ನಾಗಿದೆ. ನಿಧಾನವಾಗಿದೆ, ಅಷ್ಟೆ” ಎಂದ. ಚಿತ್ರಗಾರ ಮೊದಲ ಮಾತನ್ನು ಕೇಳಿ ಬೇಸರಪಟ್ಟ. ಎರಡನೆಯ ಮಾತು ಅವನ ಕಿವಿಗೆ ಬೀಳಲಿಲ್ಲ. ಆಗಲೇ ಅವನ ಕೈ ಕುಂಚಕ್ಕೆ ಹೋಗಿತ್ತು.

ಏಳು ದಿನ ಹೀಗೆ ಕಳೆಯಿತು. ಹಲಗೆಗಳು ಸೂರಿನವರೆಗೆ ಏರಿದವು. ಪ್ರತಿ ಹಲಗೆಯಲ್ಲೂ ಒಂದೊಂದು ಹೊಳೆ ಇತ್ತು. ಯಾವ ಹೊಳೆಯನ್ನೂ ಯಾರೂ ದಾಟಿರಲಿಲ್ಲ.

ತಾಯಿಗೆ ಗಂಜಿ ಕುಡಿಸಲು ಆ ಮನೆಗೆ ಒಬ್ಬ ಹೆಂಗಸು ಬರುತ್ತಿದ್ದಳು. ಪಂಚಮಿಯ ದಿನ ಬೆಳಿಗ್ಗೆ ಅವಳು ಬಟ್ಟಲು ಹಿಡಿದುಕೊಂಡು ಹಲಗೆಗಳ ನಡುವೆ ದಾರಿ ಮಾಡಿಕೊಂಡು ಬಂದಳು. ಚಿತ್ರಗಾರ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದ.

“ಯಜಮಾನರೇ, ನೀವು ಅವ್ವನಿಗೆ ಒಂದು ಹೊತ್ತಾದರೂ ಗಂಜಿ ಕುಡಿಸಿದ್ದೀರಾ?” ಎಂದು ಅವಳು ಕೇಳಿದಳು.

“ಇಲ್ಲ.”

“ಪುಣ್ಯ. ಕುಡಿಸಿದ್ದರೆ ಅವ್ವ ಇಷ್ಟು ದಿನ ಇರುತ್ತಿರಲಿಲ್ಲ.”

“ನಾನು ಚಿತ್ರದ ಚಿಂತೆಯಲ್ಲಿದ್ದೇನೆ. ನೀನು ಗಂಜಿಯ ಮಾತು ತೆಗೆಯುತ್ತೀಯಲ್ಲ!”

“ಚಿತ್ರ ನನಗೆ ಗೊತ್ತಿಲ್ಲ. ಕೊಡುವುದು ಗೊತ್ತು” ಎಂದು ಅವಳು ಬಟ್ಟಲನ್ನು ಅವನ ಕೈಗೆ ಕೊಟ್ಟಳು. “ಇವತ್ತು ನೀವೇ ಕುಡಿಸಿ.”

ಅವನು ತಾಯಿಯ ಪಕ್ಕದಲ್ಲಿ ಕುಳಿತ. ಒಂದು ಚಮಚ ಕೊಟ್ಟ. ಕೂಡಲೇ ಎರಡನೆಯದನ್ನು ಕೊಟ್ಟ. ತಾಯಿ ಕೆಮ್ಮಿದಳು. ಗಂಜಿ ಗಲ್ಲದ ಮೇಲೆ ಇಳಿಯಿತು. ಹೆಂಗಸು ಸೆರಗಿನಿಂದ ಒರೆಸಿ, “ಕೈ ನೋಡಿಕೊಂಡು ಕೊಡಬೇಡಿ. ಗಂಟಲು ನೋಡಿಕೊಂಡು ಕೊಡಿ. ಅದು ಇಳಿಯಲಿ. ಆಮೇಲೆ ಮುಂದಿನದು” ಎಂದಳು.

ಅವನು ಗಂಟಲನ್ನು ನೋಡಿದ. ಕಾದ. ಬಟ್ಟಲು ಖಾಲಿಯಾಗಲು ಬಹಳ ಹೊತ್ತು ಹಿಡಿಯಿತು. ಎಂಟು ದಿನಗಳಲ್ಲಿ ಅವನು ತಾಯಿಯ ಮುಖವನ್ನು ನೋಡಿದ್ದು ಅಂದೇ ಮೊದಲು. ಚೌಕಟ್ಟಿನ ಹಿಂದೆ ನಿಂತವನಿಗೆ ಆ ಮುಖ ಕಾಣುತ್ತಿರಲಿಲ್ಲ.

ಗಂಜಿ ಮುಗಿದ ಮೇಲೂ ಅವನು ಏಳಲಿಲ್ಲ. ಚೌಕಟ್ಟಿನಲ್ಲಿ ಹಿಂದಿನ ದಿನದ ಕೊನೆಯ ಹಲಗೆ ಹಾಗೆಯೇ ಇತ್ತು. ತಾಯಿ ಅದನ್ನು ನೋಡುತ್ತಿದ್ದಳು. ಅವಳ ದೃಷ್ಟಿ ಹಲಗೆಯ ಮೇಲಂಚಿನಲ್ಲಿ, ಮೋಡದ ಬಳಿ ಶುರುವಾಯಿತು. ಅಲ್ಲಿಂದ ನಿಧಾನವಾಗಿ ಕೆಳಗಿಳಿಯಿತು. ಆಚೆ ದಡದ ಮರ. ಹರಿಗೋಲಿನಲ್ಲಿ ಕುಳಿತವಳ ತಲೆ. ಅವಳ ನಡು. ಬುಟ್ಟಿ. ನೀರು. ಕೆಳಗಿನ ಅಂಚು ಮುಟ್ಟಿದಾಗ ರೆಪ್ಪೆಗಳು ಮುಚ್ಚಿದವು. ಒಂದು ಕ್ಷಣ ಮುಚ್ಚಿಕೊಂಡೇ ಇದ್ದವು. ತೆರೆದಾಗ ದೃಷ್ಟಿ ಮತ್ತೆ ಮೋಡದ ಬಳಿ ಇತ್ತು.

ಅವನಿಗೆ ತಿಳಿಯಿತು. ತಾಯಿಯ ದೃಷ್ಟಿ ನಡುವಿಗೆ ಬರುವಷ್ಟರಲ್ಲಿ ಅವನು ಹಲಗೆ ಬದಲಿಸುತ್ತಿದ್ದ. ತಲೆ ನೋಡಿದ್ದು ಹಳೆಯ ಹಲಗೆಯಲ್ಲಿ, ಬುಟ್ಟಿ ನೋಡಿದ್ದು ಹೊಸ ಹಲಗೆಯಲ್ಲಿ. ಎರಡರ ನಡುವೆ ಒಂದು ಗೇಣು.

ಅವನು ಚೌಕಟ್ಟಿನ ಹಿಂದೆ ಹೋಗಲಿಲ್ಲ. ಪಕ್ಕಕ್ಕೆ, ತಾಯಿಯ ಮುಖ ಕಾಣುವ ಕಡೆಗೆ ಹಲಗೆಗಳನ್ನು ತಂದಿಟ್ಟುಕೊಂಡ. ಮೊದಲ ಹಲಗೆಯನ್ನು ಇಟ್ಟ. ಎರಡನೆಯದನ್ನು ಒಂದೇ ಉಸಿರಿನಲ್ಲಿ ಬರೆದು ಕೈಯಲ್ಲಿ ಹಿಡಿದು ನಿಂತ. ತಾಯಿ ಇನ್ನೂ ಮೋಡದ ಬಳಿ ಇದ್ದಳು.

ಕಾಯುವುದು ಅವನಿಗೆ ಗೊತ್ತಿರಲಿಲ್ಲ. ಬರೆಯುವ ಬೆರಳುಗಳು ಗಾಳಿಯಲ್ಲಿ ಆಡಿದವು. ಮಾಡಲು ಬೇರೇನೂ ಇಲ್ಲದೆ ಅವನು ಕೈಯಲ್ಲಿದ್ದ ಹಲಗೆಯನ್ನು ನೋಡಿದ. ತಾನು ಬರೆದ ಹೊಳೆಯನ್ನು ಅವನು ನಿಂತು ನೋಡಿದ್ದು ಅದೇ ಮೊದಲು. ನೀರು ಅಷ್ಟು ಆಳವಾಗಿತ್ತು ಎಂದು ಅವನಿಗೆ ಗೊತ್ತಿರಲಿಲ್ಲ.

ರೆಪ್ಪೆಗಳು ಮುಚ್ಚಿದವು. ಅವನು ಹಲಗೆ ಬದಲಿಸಿದ. ರೆಪ್ಪೆಗಳು ತೆರೆದವು. ಹರಿಗೋಲು ಒಂದು ಗೇಣು ಮುಂದೆ ಇತ್ತು. ಇಡಿಯಾಗಿತ್ತು.

ತಾಯಿ ಮಂಚದ ಅಂಚನ್ನು ಹಿಡಿದಿದ್ದ ಕೈಗಳನ್ನು ಬಿಟ್ಟಳು.

ಹರಿಗೋಲು ಸಾಗಿತು. ಕೋಣೆಯಲ್ಲಿ ಹಸಿ ಬಣ್ಣದ ವಾಸನೆ ಇತ್ತು. ಹೊತ್ತು ಏರಿದಂತೆ ಅದು ನೀರಿನ ವಾಸನೆಯಾಯಿತು. ಗಂಜಿಯ ಹೆಂಗಸು ಬಾಗಿಲ ಬಳಿ ಕುಳಿತು ನೋಡುತ್ತಿದ್ದಳು. ಅವಳ ಕಾಲ ಬೆರಳುಗಳು ಒದ್ದೆಯಾಗಿದ್ದವೋ ಇಲ್ಲವೋ, ಅವಳು ಹೇಳಲಿಲ್ಲ.

ನಡುಹೊಳೆಯಲ್ಲಿ ತಾಯಿ ಒಮ್ಮೆಲೇ, “ಎಡಕ್ಕೆ ಮಗಾ, ಎಡಕ್ಕೆ. ಮುಂದೆ ಬಂಡೆ ಇದೆ” ಎಂದಳು.

ಅವನು ಬಂಡೆಯನ್ನು ಬರೆದಿರಲಿಲ್ಲ. ಆದರೂ ಹರಿಗೋಲನ್ನು ತಿರುಗಿಸಬೇಕಿತ್ತು. ಕೈಯಲ್ಲಿದ್ದ ಹಲಗೆ ಆಗಲೇ ಮುಗಿದಿತ್ತು. ಅದರ ಸರದಿ ಬರಬೇಕು, ಅದನ್ನು ತಾಯಿ ಪೂರ್ತಿ ನೋಡಬೇಕು, ಆಮೇಲೆ ತಿರುಗಿದ ಹರಿಗೋಲು. ಅವಳು ಎರಡು ಸಲ ರೆಪ್ಪೆ ಮುಚ್ಚಿ ತೆರೆದ ಮೇಲೆ ಹರಿಗೋಲು ಎಡಕ್ಕೆ ತಿರುಗಿತು. ಅವನಿಗೆ ನಾಚಿಕೆಯಾಯಿತು.

“ತಡವಾಯಿತು ಅವ್ವಾ.”

ತಾಯಿ ನಕ್ಕಳು. “ನಮ್ಮ ಹೊಳೆಯ ಹರಿಗೋಲು ಯಾವತ್ತು ಹೇಳಿದ ಕೂಡಲೇ ತಿರುಗಿತ್ತು? ಎರಡು ಸುತ್ತು ಸುತ್ತಿ, ನಮ್ಮ ತಲೆಯನ್ನೂ ಸುತ್ತಿಸಿ, ಆಮೇಲೆ ತಿರುಗುವುದು. ಈಗ ಇದು ನಿಜವಾದ ಹರಿಗೋಲು. ನಡೆಸು.”

ಮುಂದಿನ ಹಲಗೆಯಲ್ಲಿ ಅವನು ಬಂಡೆಯನ್ನೂ ಬರೆದ. ಅದು ಹರಿಗೋಲಿನ ಬಲಕ್ಕೆ ಉಳಿಯಿತು. ತಾಯಿ ಅದನ್ನು ಗುರುತು ಹಿಡಿದಂತೆ ತಲೆಯಾಡಿಸಿದಳು.

ಸಂಜೆಗೆ ಆಚೆ ದಡ ಹತ್ತಿರ ಬಂತು. ಕುಂಚ ಬಿಟ್ಟು ತಾಯಿಯ ಜೊತೆ ಒಮ್ಮೆಯೂ ಹೋಗದ ಚಿತ್ರಗಾರ ಆ ದಡವನ್ನು ಹತ್ತಿರದಿಂದ ಕಂಡಿರಲಿಲ್ಲ. ತಾಯಿ ಹೇಳುತ್ತಿದ್ದಳು, ಅವನು ಬರೆಯುತ್ತಿದ್ದ. ಮೆಟ್ಟಿಲು ಮೂರು. ಮೂರನೆಯದು ಮುರಿದಿದೆ. ಜೋಕಾಲಿ ಕಟ್ಟಿದ ಬೇವಿನ ಮರ. ಮರದ ಕೆಳಗೆ ಯಾರೋ ನಿಂತಿದ್ದಾರೆ. ಯಾರೆಂದು ಅವಳು ಹೇಳಲಿಲ್ಲ. ಅವನು ಕೇಳಲಿಲ್ಲ.

ಹರಿಗೋಲು ದಡಕ್ಕೆ ತಾಗಿದ ಹಲಗೆಯನ್ನು ಅವನು ಇಟ್ಟ. ತಾಯಿ ಮೋಡದಿಂದ ನೀರಿನವರೆಗೆ ನೋಡಿದಳು. ಕೈ ಚಾಚಿ, “ಕೈ ಕೊಡು. ಇಳಿಯುತ್ತೇನೆ” ಎಂದಳು.

ಮುಂದಿನ ಹಲಗೆ ಆಗಲೇ ಅವನ ಎಡಗೈಯಲ್ಲಿತ್ತು. ಅವನು ಬಲಗೈ ಕೊಟ್ಟ. ತಾಯಿ ಅದನ್ನು ಗಟ್ಟಿಯಾಗಿ ಹಿಡಿದು ಒಂದು ಹೆಜ್ಜೆ ಇಟ್ಟವಳಂತೆ ಉಸಿರು ಬಿಟ್ಟಳು. “ಮಣ್ಣು ತಣ್ಣಗಿದೆ” ಎಂದಳು.

ರೆಪ್ಪೆಗಳು ಮುಚ್ಚಿದವು. ಅವನು ಹಲಗೆಯನ್ನು ಚೌಕಟ್ಟಿಗೆ ಮೆಲ್ಲನೆ ಸರಿಸಿದ. ತಾಯಿಯ ಕೈಯನ್ನು ಬಿಡದೆ, ಅವಳ ಮುಖ ನೋಡುತ್ತ ನಿಂತ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಅವರೂ ಕಣ್ಣು ಮುಚ್ಚಿದ್ದರು. ಪ್ರಭಂಜನನ ಕೈ ನೆಲದ ಮೇಲಿದ್ದ ಕೀಲಿಯ ಕಡೆಗೆ ಹೋಯಿತು. ಅವನಿಗೆ ತಡೆಯಲಾಗಲಿಲ್ಲ.

“ಆಮೇಲೆ, ಗುರುಗಳೇ? ಆ ಹಲಗೆಯಲ್ಲಿ ಏನಿತ್ತು?”

ಗುರುಗಳು ಹೇಳಿದರು: “ಅವಳು ಇನ್ನೂ ಕಣ್ಣು ತೆರೆದಿಲ್ಲ.”