ಒದ್ದೆಯಾಗದ ಹಾಸುಬಟ್ಟೆ

"ಕೇಳಿರಪ್ಪೋ ಕೇಳಿ! ಹಿರಿಕೋಟೆಯ ರಾಣಿ ಸೋಮಲಾಂಬೆಯವರ ಅಪ್ಪಣೆ! ಮೂರು ಒಗಟು ಬಿಡಿಸಿದವರಿಗೆ ಬೇಡಿದ್ದು ಸಿಗ್ತದೆ. ತಪ್ಪಿದವರ ತಲೆ ಅಮಾವಾಸ್ಯೆಗೆ ಉರುಳ್ತದೆ!"

ಡಂಗುರದವನು ಹೀಗೆ ಕೂಗಿ ಹೋದನೋ ಇಲ್ಲವೋ, ಊರೆಲ್ಲ ಗುಸುಗುಸು. ರಾಣಿಗೆ ಈ ಹಟ ಯಾಕೆ ಹುಟ್ಟಿತು ಅಂತ ಎಲ್ಲರಿಗೂ ಗೊತ್ತು. ಮಹಾರಾಜರು ಬೇಟೆಗೆ ಹೋಗಿ ಮುಳ್ಳು ಗೀರಿಸಿಕೊಂಡು ಬಂದವರು, ಎಂಟೇ ದಿನಕ್ಕೆ ತೀರಿಕೊಂಡಿದ್ದರು. ಯಾಕೆ ಹೀಗಾಯಿತು ಎಂದು ರಾಣಿ ಕೇಳಿದರೆ ಪಂಡಿತರೆಲ್ಲ ಹಣೆಬರಹ ಅಂದು ಕೈತೊಳೆದುಕೊಂಡರು.

ಮಾಚ ಆಗ ಹೊಳೆದಂಡೆಯಲ್ಲಿದ್ದ. ಅರಮನೆಯ ಆರೋಗ್ಯಶಾಲೆಯ ಬಟ್ಟೆ ಒಗೆಯುವವನು ಅವನು. ಅಲ್ಲಿನ ಒಳಮನೆಯಲ್ಲಿ ಸಾವು ಬದುಕಿನ ನಡುವೆ ಇರುವವರಿಗೆಂದೇ ನಲವತ್ತು ಹಾಸಿಗೆ. ಯಾರ ಹಾಸುಬಟ್ಟೆ ಯಾವುದು ಅಂತ ಮೂಲೆಯಲ್ಲಿ ಕರಿಗೇರುಕಾಯಿಯ ಅಳಿಯದ ಕಪ್ಪು ರಸದಿಂದ ಗುರುತು ಹಾಕಿದ್ದ. ಆ ಗಂಟಿನಲ್ಲಿ ಅವತ್ತು ಅವನ ಕೈ ಒಂದು ಬಟ್ಟೆಯ ಮೇಲೆ ನಿಂತುಬಿಟ್ಟಿತು. ಎರಡು ಚುಕ್ಕಿ, ಒಂದು ಗೆರೆ. ಅವನ ಅಕ್ಕ, ಚಿಕ್ಕತಾಯಿ ಎಂಬ ಹೆಸರಿನವಳ ಹಾಸು. ಒಗೆಯುವ ಕಲ್ಲು ಬಿದ್ದು ಕಾಲು ಜಜ್ಜಿಸಿಕೊಂಡು ಆರು ದಿನದಿಂದ ಮಲಗಿದ್ದಳು. ಮೂತ್ರಕ್ಕೂ ಎದ್ದು ಹೋಗುವ ತ್ರಾಣವಿಲ್ಲದ ಅವಳ ಬಟ್ಟೆ ನಿನ್ನೆಯೂ ಒಣಗಿಯೇ ಬಂದಿತ್ತು, ಇವತ್ತೂ ಒಣಗಿಯೇ ಬಂದಿದೆ!

ಹನ್ನೆರಡು ವರ್ಷದಲ್ಲಿ ಅವನು ಕಂಡದ್ದು ಒಂದೇ. ಮಲಗಿದಲ್ಲೇ ಇರುವವರ ಹಾಸು ಎರಡು ದಿನ ಒದ್ದೆಯಾಗದಿದ್ದರೆ, ನಾಲ್ಕನೆಯ ದಿನ ಆ ಗುರುತಿನ ಬಟ್ಟೆ ಗಂಟಿನಲ್ಲಿ ಬರುವುದಿಲ್ಲ. ನಿನ್ನೆ ಬಟ್ಟೆ ಒಣಗಿ ಬಂದಾಗಲೇ ಓಡಿಹೋಗಿ ಆರೋಗ್ಯಶಾಲೆಯ ವೈದ್ಯರಾದ ವೆಂಕಣ್ಣ ಪಂಡಿತರಿಗೆ ಹೇಳಿದ್ದ. "ಬಟ್ಟೆ ಒಗೆಯೋನು ನಾಡಿ ನೋಡೋಕೆ ಬಂದ್ಯೇನೋ? ನಿನ್ನಕ್ಕಂಗೆ ಜ್ವರ ಇಳಿದಿದೆ, ಹೋಗು" ಅಂತ ಅಟ್ಟಿದ್ದರು.

ಇನ್ನು ಯಾರ ಕಿವಿಗೆ ಹಾಕಬೇಕು? ಮಾಚ ಗಂಟು ಹೆಗಲಿಗೇರಿಸಿ ನೇರ ಅರಮನೆಗೇ ನಡೆದ.

ಸಭೆ ಕಿಕ್ಕಿರಿದಿತ್ತು. ರಾಣಿ ಮೊದಲ ಒಗಟು ಹೇಳಿದಳು: "ಮುಳ್ಳು ಗೀರಿದಷ್ಟು ಸಂದಿಯಲ್ಲಿ ಒಳಗೆ ಬರುತ್ತಾನೆ. ಬಂದವನು ಇಡೀ ಅರಮನೆಯನ್ನೇ ಸುಡುತ್ತಾನೆ. ಯಾರು ಅವನು?"

ನೆರೆರಾಜ್ಯದ ರಾಜಕುಮಾರ ಮೀಸೆ ತಿರುವಿಕೊಂಡು ಎದ್ದ. "ಶತ್ರುವಿನ ಗೂಢಚಾರ!" ಅಂದ. ಪಾಪ, ಅವನ ಮಾತು ಮುಗಿಯುವಷ್ಟರಲ್ಲಿ ಕೈಗೆ ಕೋಳ ಬಿತ್ತು.

ವೆಂಕಣ್ಣ ಪಂಡಿತರು ಎದ್ದರು. "ನಂಜು, ಮಹಾರಾಣಿ. ಗಾಯದಲ್ಲಿ ಹೊಕ್ಕು ಮೈಯೆಲ್ಲ ಹಿಡಿಯುವ ನಂಜು."

"ಸರಿ. ಎರಡನೆಯದು ಕೇಳಿ. ಮನೆಯೊಳಗೆ ಬೆಂಕಿ ಬಿದ್ದಿದೆ, ಗೋಡೆ ಮುಟ್ಟಿದರೆ ತಣ್ಣಗೆ. ಬೆಂಕಿ ಇದೆಯೆಂದು ಹೊರಗಿನವರಿಗೆ ತಿಳಿಯುವುದು ಹೇಗೆ?"

ಪಂಡಿತರು ನಕ್ಕರು. "ಗೋಡೆ ತಣ್ಣಗಿದ್ದರೆ ಬೆಂಕಿ ಆರಿದೆ ಅಂತಲೇ ಅರ್ಥ, ತಾಯಿ."

ರಾಣಿ ಎದ್ದು ನಿಂತಳು. "ಏಳನೆಯ ದಿನ ನನ್ನ ಯಜಮಾನರ ಕೈ ತಣ್ಣಗಿತ್ತು. ಜ್ವರ ಇಳಿಯಿತು ಅಂದವರು ನೀವೇ. ಮಾರನೆಯ ದಿನ ಅವರಿರಲಿಲ್ಲ. ಹಾಕಿರಿ ಕೋಳ!"

ಮಾಚ ಮುಂದೆ ಬಂದು, ಗಂಟು ಇಳಿಸಿ ಕೈಮುಗಿದ.

"ಅವ್ವಾ, ಗೋಡೆ ಮುಟ್ಟಬಾರದು, ಹಾಸು ಮುಟ್ಟಬೇಕು. ನಂಜು ಏರಿದ ಮೈ ನೀರು ಬಿಡಾಕಿಲ್ಲ. ಕೈಕಾಲು ತಣ್ಣಗಾಗಿದ್ರೂ ಹಾಸು ಒಣಗಿರ್ತದೆ."

ರಾಣಿ ಅವನನ್ನೇ ನೋಡಿದಳು. ಗಂಡ ಮಲಗಿದ್ದ ಹಾಸಿಗೆ ಅವಳಿಗೆ ನೆನಪಾಗಿರಬೇಕು, ಕಣ್ಣು ತುಂಬಿತು.

"ಸರಿ. ಮೂರನೆಯದು ಕೇಳು. ಒಳಮನೆಯ ನಲವತ್ತು ಹಾಸಿಗೆಯಲ್ಲಿ, ಇವತ್ತು, ಈ ಹೊತ್ತಿನಲ್ಲಿ, ಆ ಕಳ್ಳ ಎಷ್ಟು ಜನರೊಳಗೆ ಕೂತಿದ್ದಾನೆ?"

"ಎರಡೋ ಮೂರೋ!" ಎಂದು ಕೋಳದಲ್ಲಿದ್ದ ಪಂಡಿತರು ಕೂಗಿದರು. "ಈ ತಿಂಗಳು ನಂಜಿನಿಂದ ಸತ್ತವರೇ ಮೂವರು!"

"ಸತ್ತವರನ್ನ ಎಣಿಸಿದ್ರೆ ಇರೋರು ಸಿಗಾಕಿಲ್ಲ, ಸ್ವಾಮಿ" ಅಂದ ಮಾಚ. ಗಂಟು ಬಿಚ್ಚಿ ಒಂದೊಂದೇ ಹಾಸು ನೆಲಕ್ಕೆ ಹರವಿದ. "ಕೀವು, ಬೆವರು ಹತ್ತಿದವು ಒಂಬತ್ತು. ಎರಡು ದಿನದಿಂದ ಒಣಗಿಯೇ ಬಂದವು ನಾಲ್ಕು. ಹದಿಮೂರು, ಅವ್ವಾ. ತಪ್ಪಿದ್ರೆ ನನ್ನ ತಲೆ ತಕ್ಕೊಳ್ಳಿ. ಆದ್ರೆ ಈಗಲೇ ಹೋಗಿ ನೋಡಿ."

"ಉತ್ತರ ನನಗೂ ಗೊತ್ತಿಲ್ಲ" ಅಂದಳು ರಾಣಿ. "ಯಾರೂ ಎಣಿಸಿಲ್ಲ. ನಡೀರಿ."

ಪಂಡಿತರ ಕೋಳ ಬಿಚ್ಚಿಸಿ ಕರೆದೊಯ್ದರು. ಒಂದನೆಯ ಹಾಸಿಗೆಯಿಂದ ನಲವತ್ತನೆಯದರವರೆಗೆ ಒಂದನ್ನೂ ಬಿಡದೆ ನೋಡಿದರು. ಮೈ ಸುಡುವವರು ಒಂಬತ್ತು ಜನ ಸಿಕ್ಕರು. ತಣ್ಣಗಿದ್ದ ನಾಲ್ವರಲ್ಲಿ ಮೊದಲನೆಯವಳು ಚಿಕ್ಕತಾಯಿ.

"ಈಕೆಗೇನಾಗಿದೆ? ತಣ್ಣಗಿದ್ದಾಳಲ್ಲ!" ಅಂದರು ಪಂಡಿತರು.

"ಉಗುರು ಒತ್ತಿ ಬಿಡಿ ಸ್ವಾಮಿ. ಉಸಿರು ಎಣಿಸಿ" ಎಂದು ಮಾಚ ಅಂಗಲಾಚಿದ.

ಪಂಡಿತರು ಉಗುರು ಒತ್ತಿ ಬಿಟ್ಟರು. ಬಿಳಿಚಿದ ಉಗುರಿಗೆ ರಕ್ತ ತಕ್ಷಣ ವಾಪಸು ಬರಲಿಲ್ಲ, ಎಷ್ಟೋ ಹೊತ್ತಿನ ಮೇಲೆ ಬಂತು. ಏದುತ್ತಾ ಓಡುತ್ತಿದ್ದ ಉಸಿರು ಎಣಿಸುತ್ತಾ ಹೋದಂತೆ ಅವರ ಮುಖ ಸಪ್ಪಗಾಯಿತು. ಉಳಿದ ಮೂವರನ್ನೂ ನೋಡಿ ಬಂದು ತಲೆತಗ್ಗಿಸಿ ನಿಂತರು.

"ಹದಿಮೂರು, ಮಹಾರಾಣಿ. ಇಲ್ಲಿ ಮಲಗಿರುವ ಪ್ರತಿ ಮೂವರಲ್ಲಿ ಒಬ್ಬರು. ನನ್ನ ಕಣ್ಣೆದುರಿಗೇ ಇದ್ದರು."

"ಮೊದಲನೆಯದನ್ನು ಪಂಡಿತರು ಹೇಳಿದರೂ ಗೆದ್ದವನು ನೀನೇ. ಬೇಡು, ಮಾಚ" ಅಂದಳು ರಾಣಿ. "ಊರು ಬೇಕೋ, ಪದವಿ ಬೇಕೋ?"

"ಈ ಪಂಡಿತರ ತಲೆ ಬೇಕು, ಅವ್ವಾ. ಕತ್ತಿನ ಮೇಲೇ ಇರಲಿ. ತಲೆ ತೆಗೆಸಿದ್ರೆ ಈ ಹದಿಮೂರು ಜನಾನ ನೋಡೋರು ಯಾರು? ಆ ರಾಜಕುಮಾರನ್ನೂ ಬಿಟ್ಟುಬಿಡಿ."

ರಾಣಿ ತಲೆಯಾಡಿಸಿದಳು. ಪಂಡಿತರು ಆ ಗಳಿಗೆಯಲ್ಲೇ ಸೆರಗಿನಂತೆ ಶಲ್ಯ ಸೊಂಟಕ್ಕೆ ಸಿಕ್ಕಿಸಿ, ಚಿಕ್ಕತಾಯಿಯ ಕಾಲಿನ ಕೀವು ತೆಗೆದು ತೊಳೆದರು, ಗುಟುಕು ಗುಟುಕಾಗಿ ಗಂಜಿನೀರು ಕುಡಿಸಿದರು. ದಿನವೂ ಒಂದೇ ಹೊತ್ತಿಗೆ ನಲವತ್ತು ಹಾಸಿಗೆಯನ್ನೂ ನೋಡಿ ಎಣಿಸಬೇಕು, ಮಾಚ ಜೊತೆಗಿರಬೇಕು ಎಂದು ಅಪ್ಪಣೆಯಾಯಿತು.

ಮೂರನೆಯ ದಿನ ಬೆಳಿಗ್ಗೆ ಗಂಟು ಬಂತು. ಮಾಚ ಬಿಚ್ಚಿದ. ಎರಡು ಚುಕ್ಕಿ, ಒಂದು ಗೆರೆ. ಹಾಸು ವಾಸನೆ ಮೂಗಿಗೆ ಬಡಿಯುವಷ್ಟು ಒದ್ದೆಯಾಗಿತ್ತು. ಅದನ್ನು ಎದೆಗವಚಿಕೊಂಡು, ಹೊಳೆದಂಡೆಯಲ್ಲಿ ನಿಂತು, ಮಾಚ ಗಳಗಳನೆ ಅತ್ತುಬಿಟ್ಟ.